ಸಂಬಳದ ಖಾತೆ ಫ್ರೀಜ್ ಆಗಿದೆಯಾ? ಬೀಗ ಹಾಕಿದ್ದು ಯಾರೆಂದು ಮೊದಲು ಕಂಡುಹಿಡಿಯಿರಿ

ಸಂಬಳ ಜಮೆ ಆಗಿದೆ ಅಂತ ಮೆಸೇಜ್ ಬಂದಿರುತ್ತದೆ. ಆದರೆ ಎಟಿಎಂನಲ್ಲಿ ದುಡ್ಡು ಬರುವುದಿಲ್ಲ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ಪೇಮೆಂಟ್ ಫೇಲ್ ಆಗುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ತಿಂಗಳ ಮೊದಲ ವಾರ ಈ ದೂರು ಹಿಡಿದು ಬರುವವರು ಇದ್ದೇ ಇರುತ್ತಾರೆ. ಬಾಡಿಗೆ, ಮಕ್ಕಳ ಫೀಸು, ಚೀಟಿ ಕಂತು ಎಲ್ಲವೂ ಅದೇ ವಾರ ಕಟ್ಟಬೇಕು. ಗಾಬರಿ ಆಗುವುದು ಸಹಜ.

ಖಾತೆ ಫ್ರೀಜ್ ಆಗಲು ಐದಾರು ಬೇರೆ ಬೇರೆ ಕಾರಣಗಳಿವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕೆಲವು ಬ್ರಾಂಚಿನಲ್ಲಿ ಒಂದು ಫಾರಂ ತುಂಬಿದರೆ ಮುಗಿಯುತ್ತವೆ. ಕೆಲವು ಬೇರೆ ರಾಜ್ಯದ ಪೊಲೀಸ್ ಠಾಣೆಯಿಂದ ಪತ್ರ ಬರುವ ತನಕ ಬಿಡುವುದಿಲ್ಲ. ಬೀಗ ಹಾಕಿದವರ ಹತ್ತಿರವೇ ಕೀಲಿ ಇರುತ್ತದೆ. ಅದು ಯಾರೆಂದು ತಿಳಿಯದೆ ಓಡಾಡಿದರೆ ರಜೆ ಹಾಳಾಗುತ್ತದೆಯೇ ಹೊರತು ಕೆಲಸ ಆಗುವುದಿಲ್ಲ. ಹಾಗಾಗಿ ಪರೀಕ್ಷೆ ಮೊದಲು, ಓಡಾಟ ಆಮೇಲೆ.

ನಿಜವಾಗಿ ಫ್ರೀಜ್ ಆಗಿದೆಯಾ?

ಯುಪಿಐ ಒಂದೇ ಕೆಲಸ ಮಾಡುತ್ತಿಲ್ಲ, ಎಟಿಎಂನಲ್ಲಿ ದುಡ್ಡು ಬರುತ್ತಿದೆ ಅಂದರೆ ಖಾತೆ ಸರಿಯಾಗಿಯೇ ಇದೆ. ಸಿಮ್ ಬದಲಾಗಿರಬಹುದು, ಫೋನ್ ಹೊಸದಿರಬಹುದು, ಬ್ಯಾಂಕಿನ ಸರ್ವರ್ ಕೈಕೊಟ್ಟಿರಬಹುದು. ಕಾರ್ಡ್ ಮಾತ್ರ ಕೆಲಸ ಮಾಡುತ್ತಿಲ್ಲ ಅಂದರೆ ಪಿನ್ ತಪ್ಪಾಗಿ ಒತ್ತಿ ಬ್ಲಾಕ್ ಆಗಿದೆಯಾ, ಕಾರ್ಡಿನ ಅವಧಿ ಮುಗಿದಿದೆಯಾ ನೋಡಿ. ಎಟಿಎಂ, ಯುಪಿಐ, ಬ್ರಾಂಚಿನಲ್ಲಿ ವಿತ್‌ಡ್ರಾ ಫಾರಂ, ಈ ಮೂರೂ ಕಡೆ ದುಡ್ಡು ಹೊರಗೆ ಬರದಿದ್ದರೆ ಮಾತ್ರ ಫ್ರೀಜ್ ಎಂದು ತಿಳಿಯಿರಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಗೆಳೆಯರ ಫೋನಿನಿಂದ ನಿಮ್ಮ ಖಾತೆಗೆ 1 ರೂಪಾಯಿ ಹಾಕಿಸಿ. ಜಮೆ ಆದರೆ ಒಳಗೆ ಬರುವ ದಾರಿ ತೆರೆದಿದೆ, ಹೊರಗೆ ಹೋಗುವ ದಾರಿ ಮುಚ್ಚಿದೆ. ಬ್ಯಾಂಕಿನವರು ಇದನ್ನು ಡೆಬಿಟ್ ಫ್ರೀಜ್ ಅನ್ನುತ್ತಾರೆ. ಆ ರೂಪಾಯಿಯೂ ವಾಪಸ್ ಹೋದರೆ ಎರಡೂ ಕಡೆ ಮುಚ್ಚಿರಬಹುದು, ಅಂದರೆ ಟೋಟಲ್ ಫ್ರೀಜ್. ಈ ವ್ಯತ್ಯಾಸ ಬಹಳ ಮುಖ್ಯ. ಡೆಬಿಟ್ ಫ್ರೀಜ್ ಇದ್ದಾಗ ಮುಂದಿನ ಸಂಬಳವೂ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟೋಟಲ್ ಫ್ರೀಜ್ ಇದ್ದರೆ ಸಂಬಳ ಕಂಪನಿಗೆ ವಾಪಸ್ ಬರುತ್ತದೆ, ನಾವು ಬೇರೆ ದಾರಿಯಲ್ಲಿ ಕೊಡಬಹುದು.

ಮೂರನೆಯದು ಲೀನ್ ಅಥವಾ ಹೋಲ್ಡ್. ಖಾತೆ ಪೂರ್ತಿ ನಡೆಯುತ್ತಿರುತ್ತದೆ, ಒಂದಿಷ್ಟು ಮೊತ್ತಕ್ಕೆ ಮಾತ್ರ ತಡೆ ಇರುತ್ತದೆ. ಪಾಸ್‌ಬುಕ್ಕಿನಲ್ಲಿ 43,000 ಇದೆ, ಆ್ಯಪ್‌ನಲ್ಲಿ ತೆಗೆಯಲು ಸಿಗುವ ಮೊತ್ತ 31,000 ಎಂದು ತೋರಿಸುತ್ತಿದೆ ಅಂತಿಟ್ಟುಕೊಳ್ಳಿ. ನಡುವಿನ 12,000 ರೂಪಾಯಿಯನ್ನು ಯಾರೋ ಹಿಡಿದಿಟ್ಟಿದ್ದಾರೆ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದು ನಿಮ್ಮ ಬಾಕಿ ಇಎಂಐ ಮೊತ್ತಕ್ಕೋ, ಹಿಂದೆ ಯಾರೋ ಕಳಿಸಿದ್ದ ದುಡ್ಡಿಗೋ ಸರಿಯಾಗಿ ಹೊಂದಿದರೆ ಅರ್ಧ ಕಾರಣ ಅಲ್ಲೇ ಸಿಕ್ಕಿತು.

ಬ್ರಾಂಚಿನಲ್ಲಿ ಏನು ಕೇಳಬೇಕು

ನಮ್ಮ ಕಡೆ ಬಹಳ ಜನರ ಸಂಬಳದ ಖಾತೆ ಬೆಂಗಳೂರಿನ ಯಾವುದೋ ಬ್ರಾಂಚಿನಲ್ಲಿರುತ್ತದೆ. ಕಂಪನಿಯ ಮುಖ್ಯ ಕಚೇರಿ ಅಲ್ಲಿರುತ್ತದೆ, ಖಾತೆಗಳನ್ನು ಒಟ್ಟಿಗೆ ತೆರೆಸಿರುತ್ತಾರೆ. ಅದಕ್ಕಾಗಿ ಮೊದಲ ದಿನವೇ ಬೆಂಗಳೂರಿಗೆ ಹೋಗಬೇಕಿಲ್ಲ. ಅದೇ ಬ್ಯಾಂಕಿನ ಹತ್ತಿರದ ಬ್ರಾಂಚಿನಲ್ಲೂ ಕಂಪ್ಯೂಟರ್ ನೋಡಿ ಕಾರಣ ಹೇಳಬಹುದು. ಪಾಸ್‌ಬುಕ್, ಆಧಾರ್, ಪ್ಯಾನ್, ಕಂಪನಿಯ ಗುರುತಿನ ಚೀಟಿ, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ತೆಗೆದುಕೊಂಡು ಹೋಗಿ.

ಕೌಂಟರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: "ಮೇಲಿಂದ ಬಂದಿದೆ, ನಮ್ಮ ಕೈಲಿ ಏನೂ ಇಲ್ಲ." ಅಲ್ಲಿಗೆ ನಿಲ್ಲಿಸಬೇಡಿ. ಸಮಾಧಾನವಾಗಿಯೇ ಕೇಳಿ: "ಮೇಡಂ, ಮೇಲಿಂದ ಅಂದರೆ ಬ್ಯಾಂಕಿನ ಹೆಡ್ ಆಫೀಸಾ, ಪೊಲೀಸರಾ, ಕೋರ್ಟಾ, ತೆರಿಗೆ ಇಲಾಖೆಯಾ? ಸ್ಕ್ರೀನ್ ಮೇಲೆ ಯಾವ ಕಾರಣ ಬರುತ್ತಿದೆ? ಯಾವ ತಾರೀಕಿನಿಂದ? ಪತ್ರದ ನಂಬರ್ ಏನು?" ಇಷ್ಟು ಸಿಕ್ಕರೆ ಮುಂದಿನ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಬರಬೇಡಿ. ಇದೇ ಪ್ರಶ್ನೆಗಳನ್ನು ಹಾಕಿ ಮ್ಯಾನೇಜರ್ ಹೆಸರಿಗೆ ಒಂದು ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅದನ್ನೇ ಬ್ರಾಂಚಿನ ಇ-ಮೇಲ್‌ಗೆ ಕಳಿಸಿ, ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಕೂಡ ಮಾಡಿ. ನನ್ನ ಅನುಭವದಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. ಮುಂದೆ ಒಂಬುಡ್ಸ್‌ಮನ್ (ಬ್ಯಾಂಕ್ ವಿರುದ್ಧದ ದೂರು ಕೇಳುವ ಆರ್‌ಬಿಐ ಅಧಿಕಾರಿ) ಹತ್ತಿರ ಹೋದರೂ, ಕೋರ್ಟಿಗೆ ಹೋದರೂ ಮೊದಲು ಕೇಳುವುದು ಇದನ್ನೇ.

ಅದೇ ದಿನ ಮಾಡಬೇಕಾದ ಇನ್ನೊಂದು ಕೆಲಸ

ಒಳಗಿರುವ ದುಡ್ಡಿನ ಚಿಂತೆಯಲ್ಲಿ ಮುಂದಿನ ಸಂಬಳವನ್ನು ಮರೆಯುವವರೇ ಜಾಸ್ತಿ. ಎಚ್‌ಆರ್ ಅಥವಾ ಅಕೌಂಟ್ಸ್ ವಿಭಾಗಕ್ಕೆ ಅದೇ ದಿನ ತಿಳಿಸಿ. ನಿಮ್ಮದೇ ಹೆಸರಿನ ಬೇರೆ ಖಾತೆ ಇದ್ದರೆ ಅದರ ಪಾಸ್‌ಬುಕ್ ಮೊದಲ ಪುಟ ಅಥವಾ ಕ್ಯಾನ್ಸಲ್ ಮಾಡಿದ ಚೆಕ್ ಕೊಡಿ. ಬೇರೆ ಖಾತೆ ಇಲ್ಲದಿದ್ದರೆ ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ತೆರೆಯಿರಿ. ಸಂಬಳದ ಪಟ್ಟಿ ಪ್ರತಿ ತಿಂಗಳೂ ಒಂದು ದಿನ ಲಾಕ್ ಆಗುತ್ತದೆ, ಆಮೇಲೆ ಬದಲಾಯಿಸುವುದು ನಮಗೂ ಕಷ್ಟ. ಹೆಂಡತಿಯ ಖಾತೆಗೆ, ಅಣ್ಣನ ಖಾತೆಗೆ ಹಾಕಿ ಅಂತ ಕೇಳುವವರಿದ್ದಾರೆ. ಬಹುತೇಕ ಕಂಪನಿಗಳು ಒಪ್ಪುವುದಿಲ್ಲ, ಒಪ್ಪದಿರುವುದೇ ನಿಮಗೂ ಕ್ಷೇಮ.

ಸರ್ಕಾರಿ ನೌಕರರ ಸಂಬಳ ಎಚ್‌ಆರ್‌ಎಂಎಸ್ ಮತ್ತು ಖಜಾನೆ-2 ಮೂಲಕ ಬರುತ್ತದೆ. ಅವರು ಖಾತೆ ಬದಲಾವಣೆಗೆ ತಮ್ಮ ಬಟವಾಡೆ ಅಧಿಕಾರಿಗೆ ಅರ್ಜಿ ಕೊಡಬೇಕು.

ಫ್ರೀಜ್ ಆದ ಖಾತೆಯಿಂದ ಇಎಂಐ ಕಡಿತ ಆಗುತ್ತಿದ್ದರೆ ಸಾಲ ಕೊಟ್ಟವರಿಗೆ ಬರಹದಲ್ಲಿ ತಿಳಿಸಿ, ಆ ತಿಂಗಳ ಕಂತನ್ನು ಬೇರೆ ದಾರಿಯಲ್ಲಿ ಕಟ್ಟಿ. ಸುಮ್ನೆ ಬಿಟ್ಟರೆ ಬೌನ್ಸ್ ಚಾರ್ಜು ಬೀಳುತ್ತದೆ, ಕ್ರೆಡಿಟ್ ಸ್ಕೋರ್ ಕೂಡ ಇಳಿಯುತ್ತದೆ. ಪಿಎಫ್ ಖಾತೆಗೆ ಇದೇ ಬ್ಯಾಂಕ್ ಖಾತೆ ಜೋಡಿಸಿದ್ದರೆ ಅದನ್ನೂ ಬದಲಾಯಿಸಿ. ಮದ್ದೂರು, ಮಂಡ್ಯ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಸಿಕ್ಕ ಗೃಹಲಕ್ಷ್ಮಿಯ 2,000 ರೂಪಾಯಿ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಆ ಜೋಡಣೆ ಸಂಬಳದ ಖಾತೆಗೇ ಇದ್ದರೆ ಆ ದುಡ್ಡೂ ಅಲ್ಲೇ ನಿಲ್ಲುತ್ತದೆ. ಹೊಸ ಖಾತೆ ತೆರೆದಾಗ ಆಧಾರ್ ಸೀಡಿಂಗ್ ಅಲ್ಲಿಗೆ ಬದಲಿಸಿ ಎಂದು ಬ್ಯಾಂಕಿಗೆ ಫಾರಂ ಕೊಡಿ.

ಕಾರಣ ಕೆವೈಸಿ ಆಗಿದ್ದರೆ

ಕೆವೈಸಿ ಅಂದರೆ ಗ್ರಾಹಕರ ಗುರುತು, ವಿಳಾಸವನ್ನು ಬ್ಯಾಂಕ್ ದಾಖಲೆ ನೋಡಿ ಖಚಿತ ಮಾಡಿಕೊಳ್ಳುವುದು. ಇದು ಪರಿಹಾರಕ್ಕೆ ಅತಿ ಸುಲಭದ ಕಾರಣ. ಆರ್‌ಬಿಐ ನಿಯಮದ ಪ್ರಕಾರ ಕಡಿಮೆ ಅಪಾಯದ ಗ್ರಾಹಕರು 10 ವರ್ಷಕ್ಕೊಮ್ಮೆ, ಮಧ್ಯಮದವರು 8 ವರ್ಷಕ್ಕೊಮ್ಮೆ, ಹೆಚ್ಚು ಅಪಾಯದವರು 2 ವರ್ಷಕ್ಕೊಮ್ಮೆ ಕೆವೈಸಿ ನವೀಕರಿಸಬೇಕು. ಸಂಬಳದವರು ಸಾಮಾನ್ಯವಾಗಿ ಕಡಿಮೆ ಅಪಾಯದ ಗುಂಪಿನಲ್ಲೇ ಇರುತ್ತಾರೆ. ಗಡುವಿಗೆ ಮುಂಚೆ ಬ್ಯಾಂಕ್ ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಪತ್ರದ ಮೂಲಕ ಇರಬೇಕು ಎಂದು 2025ರ ಜೂನ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ. ಪತ್ರ ಬಂದೇ ಇಲ್ಲ ಅಂತಾದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ. ವಿಳಾಸ, ಹೆಸರು ಏನೂ ಬದಲಾಗದಿದ್ದರೆ ಸ್ವಯಂ ಘೋಷಣೆಯೊಂದೇ ಸಾಕು, ದಾಖಲೆಗಳ ಕಟ್ಟು ಬೇಕಿಲ್ಲ.

ನಮ್ಮ ಕಡೆ ಕೆವೈಸಿ ಕೈಕೊಡುವುದು ಹೆಚ್ಚಾಗಿ ಹೆಸರಿನ ವಿಷಯದಲ್ಲಿ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬರುತ್ತವೆ. ಆಧಾರ್‌ನಲ್ಲಿ 'ಮಹದೇವಸ್ವಾಮಿ ಬಿ' ಎಂದಿರುತ್ತದೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ 'ಬಸವಯ್ಯ ಮಹದೇವಸ್ವಾಮಿ' ಎಂದಾಗಿರುತ್ತದೆ. ಬ್ಯಾಂಕಿನಲ್ಲಿ 'ಮಹದೇವ ಸ್ವಾಮಿ' ಎಂದು ಎರಡು ಪದವಾಗಿರುತ್ತದೆ. ಮನುಷ್ಯರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು. ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಒಂದೇ ಥರ ಹೆಸರು ಮಾಡಿಸಿ, ಆಮೇಲೆ ಬ್ಯಾಂಕಿಗೆ ಕೊಡಿ. ಉಲ್ಟಾ ಮಾಡಿದರೆ ಇನ್ನೊಂದು ವರ್ಷಕ್ಕೆ ಅದೇ ತೊಂದರೆ ತಿರುಗಿ ಬರುತ್ತದೆ.

ಇನ್ನೊಂದು ಗುಪ್ತ ಕಾರಣ, ಆಧಾರ್ ಒಟಿಪಿ ಕೊಟ್ಟು ಮೊಬೈಲ್‌ನಲ್ಲೇ ತೆರೆದ ಖಾತೆ. ಅಂಥ ಖಾತೆಯಲ್ಲಿ ಒಟ್ಟು ಶಿಲ್ಕು 1 ಲಕ್ಷ ಮೀರುವಂತಿಲ್ಲ, ಒಂದು ಹಣಕಾಸು ವರ್ಷದಲ್ಲಿ ಜಮೆ 2 ಲಕ್ಷ ಮೀರುವಂತಿಲ್ಲ. ಒಂದು ವರ್ಷದೊಳಗೆ ಪೂರ್ತಿ ಕೆವೈಸಿ ಆಗಲೇಬೇಕು. ತಿಂಗಳಿಗೆ 22,000 ಸಂಬಳ ಇದ್ದರೆ ಹತ್ತನೇ ತಿಂಗಳಿಗೇ ಮಿತಿ ದಾಟುತ್ತದೆ ಅಲ್ವಾ? ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಖಾತೆ ನಿಂತಿದ್ದರೆ ಇದನ್ನು ಮೊದಲು ಕೇಳಿ. ಆಧಾರ್, ಪ್ಯಾನ್ ಹಿಡಿದು ಬ್ರಾಂಚಿಗೆ ಹೋಗಿ ಪೂರ್ತಿ ಕೆವೈಸಿ ಮಾಡಿಸಿದರೆ ಮುಗಿಯಿತು.

ಒಂದು ಎಚ್ಚರಿಕೆ. ಖಾತೆ ನಿಂತ ಗಾಬರಿಯಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಕಾರ್ಡಿನ ಹಿಂಭಾಗದಲ್ಲಿರುವ ನಂಬರಿಗೆ ಮಾತ್ರ ಕರೆ ಮಾಡಿ. ಕೆವೈಸಿ ಅಪ್‌ಡೇಟ್ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಮುಟ್ಟಲೇಬೇಡಿ.

ಹಳೆಯ ಖಾತೆ, ವಿಲೀನವಾದ ಬ್ಯಾಂಕು, ಬಾಕಿ ಸಾಲ

ಎರಡು ವರ್ಷ ನೀವಾಗಿ ಯಾವ ವಹಿವಾಟೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಬ್ಯಾಂಕ್ ಬಡ್ಡಿ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಬಿಟ್ಟು ಹಳೆಯ ಕಂಪನಿಯ ಖಾತೆ ಮರೆತವರಿಗೆ ಹೀಗಾಗುತ್ತದೆ. ಇದನ್ನು ಮತ್ತೆ ಚಾಲೂ ಮಾಡಲು ಬ್ಯಾಂಕ್ ಶುಲ್ಕ ಕೇಳುವಂತಿಲ್ಲ. ಕೆವೈಸಿ ಕೊಟ್ಟು ಅರ್ಜಿ ಹಾಕಿ.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿತು. ಮೈಸೂರಿನಲ್ಲೇ ಮುಖ್ಯ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ವಿಲೀನವಾಯಿತು, 2025ರಲ್ಲಿ ಮತ್ತೊಮ್ಮೆ ವಿಲೀನವಾಗಿ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂದಾಗಿದೆ. ಇಂಥ ಕಡೆ ಬ್ರಾಂಚನ್ನು ಗುರುತಿಸುವ ಹಳೆಯ ಐಎಫ್‌ಎಸ್‌ಸಿ ಕೋಡ್ ಕಂಪನಿಯ ಪಟ್ಟಿಯಲ್ಲಿ ಉಳಿದಿದ್ದರೆ ಸಂಬಳ ವಾಪಸ್ ಹೋಗಬಹುದು. ಜನ ಅದನ್ನು ಫ್ರೀಜ್ ಅಂದುಕೊಳ್ಳುತ್ತಾರೆ. ಹೊಸ ಕೋಡ್ ಕೊಟ್ಟರೆ ಸಾಕು. ಒಬ್ಬರದೇ ಹೆಸರಿನಲ್ಲಿ ಎರಡು ಗ್ರಾಹಕ ನಂಬರ್ ಉಳಿದಿದ್ದರೆ ಒಂದಕ್ಕೆ ಮಾಡಿದ ಕೆವೈಸಿ ಇನ್ನೊಂದಕ್ಕೆ ಹತ್ತಿರುವುದಿಲ್ಲ. ಎರಡನ್ನೂ ಸೇರಿಸಿ ಎಂದು ಬರೆದುಕೊಡಿ.

ಅದೇ ಬ್ಯಾಂಕಿನಲ್ಲಿ ಸಾಲದ ಕಂತು ಬಾಕಿ ಇದ್ದರೆ, ಕ್ರೆಡಿಟ್ ಕಾರ್ಡ್ ಬಿಲ್ ಉಳಿದಿದ್ದರೆ ಬ್ಯಾಂಕೇ ಲೀನ್ ಹಾಕುತ್ತದೆ. ನೀವು ಸಾಲ ಮಾಡಿರದೆ ಸಹೋದ್ಯೋಗಿಗೆ ಜಾಮೀನು ನಿಂತಿದ್ದರೂ ಹೀಗಾಗಬಹುದು, ಸ್ನೇಹಕ್ಕೆ ಸಹಿ ಹಾಕಿ ಎಷ್ಟೋ ಜನ ಮರೆತಿರುತ್ತಾರೆ. ಯಾವ ಸಾಲ, ಎಷ್ಟು ಬಾಕಿ, ನೋಟಿಸ್ ಯಾವಾಗ ಕಳಿಸಿದ್ದೀರಿ ಎಂದು ಲೆಕ್ಕ ಕೇಳಿ. ಇಡೀ ಸಂಬಳ ಹಿಡಿಯದೆ ಕಂತಿನ ಮೇಲೆ ಕಟ್ಟಲು ಅವಕಾಶ ಕೊಡಿ ಎಂದು ಮಾತನಾಡಿ. ಬಹುತೇಕ ಮ್ಯಾನೇಜರ್‌ಗಳು ಇದಕ್ಕೆ ಕಿವಿಗೊಡುತ್ತಾರೆ.

ಬೀಗ ಹಾಕಿದ್ದು ಸೈಬರ್ ಪೊಲೀಸರಾದರೆ

ಅತಿ ಹೆಚ್ಚು ಕಣ್ಣೀರು ನೋಡಿರುವುದು ಇಲ್ಲಿ. "ಅಣ್ಣಾ, ನಾನೇನೂ ತಪ್ಪು ಮಾಡಿಲ್ಲ" ಎನ್ನುವ ಮಾತು ಬಹುಪಾಲು ಸಲ ನಿಜವೇ ಆಗಿರುತ್ತದೆ.

ಇದು ಹೀಗೆ ನಡೆಯುತ್ತದೆ. ಎಲ್ಲೋ ಯಾರೋ ಮೋಸ ಹೋಗುತ್ತಾರೆ. ಅವರು 1930ಕ್ಕೆ ಕರೆ ಮಾಡುತ್ತಾರೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕುತ್ತಾರೆ. ದುಡ್ಡು ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಎಂದು ಹಂತಹಂತವಾಗಿ ಹಿಂಬಾಲಿಸುತ್ತಾರೆ. ಪ್ರತಿ ಹಂತಕ್ಕೂ ಲೇಯರ್ ಎಂದು ಹೆಸರು. ಆ ಕಳ್ಳ ದುಡ್ಡಿನ ಒಂದು ತುಣುಕು ಮೂರನೆಯದೋ ನಾಲ್ಕನೆಯದೋ ಲೇಯರ್‌ನಲ್ಲಿ ನಿಮ್ಮ ಖಾತೆಗೆ ಬಿದ್ದಿದ್ದರೂ ಸಾಕು, ಖಾತೆ ನಿಲ್ಲುತ್ತದೆ. ಎಳನೀರು ಮಾರಿದ ದುಡ್ಡು, ರೂಮಿನ ಬಾಡಿಗೆಯ ಪಾಲು, ಚೀಟಿ ಹಣ, ಹೀಗೆ ಯಾವುದರ ರೂಪದಲ್ಲಾದರೂ ಅದು ಬಂದಿರಬಹುದು.

ಹೂಟಗಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ನಮ್ಮ ಹುಡುಗನೊಬ್ಬ ಹಳೆಯ ಬೈಕ್ ಮಾರಿದ್ದ. ಕೊಂಡವನು 18,000 ರೂಪಾಯಿಯನ್ನು ತನ್ನ ಖಾತೆಯಿಂದ ಕಳಿಸದೆ ಬೇರೆ ಯಾರದೋ ಖಾತೆಯಿಂದ ಹಾಕಿಸಿದ್ದ. ಕೆಲವು ತಿಂಗಳ ಮೇಲೆ ಸಂಬಳದ ಖಾತೆ ಪೂರ್ತಿ ನಿಂತಿತು. ದೂರು ಇದ್ದದ್ದು ಉತ್ತರದ ಒಂದು ರಾಜ್ಯದ ಠಾಣೆಯಲ್ಲಿ. ಅವನು ಜೋಡಿಸಿದ ಕಾಗದಗಳು ಇವು: ಬೈಕ್ ಮಾರಾಟದ ಕರಾರು, ಮಾಲೀಕತ್ವ ಬದಲಾವಣೆಗೆ ಆರ್‌ಟಿಒಗೆ ಕೊಟ್ಟ ಫಾರಂ 29 ಮತ್ತು 30ರ ಪ್ರತಿ, ಕೊಂಡವನ ಜೊತೆಗಿನ ವಾಟ್ಸಾಪ್ ಮಾತುಕತೆ, ಆರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಆ 18,000 ಜಮೆಗೆ ಹಳದಿ ಬಣ್ಣದ ಗೆರೆ, ಉಳಿದ ಜಮೆಯೆಲ್ಲ ಸಂಬಳವೇ ಎಂದು ತೋರಿಸಲು ಪೇ ಸ್ಲಿಪ್ ಮತ್ತು ಕಂಪನಿಯ ಪತ್ರ. ಇದನ್ನೆಲ್ಲ ಒಂದೇ ಪಿಡಿಎಫ್ ಮಾಡಿ ಠಾಣೆಗೂ ಬ್ಯಾಂಕಿಗೂ ಕಳಿಸಿದ. ಠಾಣೆಯಿಂದ ಉತ್ತರ ಬಂದ ಮೇಲೆ ಬ್ಯಾಂಕ್ ಪೂರ್ತಿ ಫ್ರೀಜ್ ತೆಗೆದು 18,000ಕ್ಕೆ ಮಾತ್ರ ಲೀನ್ ಇಟ್ಟಿತು. ಸಂಬಳ ಕೈಗೆ ಬಂತು.

ನೀವೂ ಬ್ಯಾಂಕಿನಿಂದ ಇಷ್ಟು ಪಡೆಯಿರಿ: ದೂರಿನ ಅಕ್ನಾಲೆಜ್‌ಮೆಂಟ್ ನಂಬರ್, ಯಾವ ರಾಜ್ಯ, ಯಾವ ಠಾಣೆ, ತನಿಖಾಧಿಕಾರಿಯ ಇ-ಮೇಲ್, ವಿವಾದದ ಮೊತ್ತ, ಆ ಮೊತ್ತ ನಿಮ್ಮ ಖಾತೆಗೆ ಬಂದ ತಾರೀಕು. ಕೊನೆಯ ಎರಡು ಇಲ್ಲದೆ ನೀವು ಏನನ್ನೂ ವಿವರಿಸಲು ಆಗುವುದಿಲ್ಲ. ಮೈಸೂರು, ಮಂಡ್ಯ ಎರಡೂ ಕಡೆ ಸೆನ್ ಠಾಣೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆ) ಇದೆ. ದೂರು ಬೇರೆ ರಾಜ್ಯದ್ದಾದರೆ ಇಲ್ಲಿಯವರು ಬೀಗ ತೆಗೆಯಲಾರರು. ಆದರೆ ಬಂದಿರುವ ನೋಟಿಸ್ ಅಸಲಿಯಾ ಎಂದು ಕೇಳಲು, ಆ ಠಾಣೆಯನ್ನು ಸಂಪರ್ಕಿಸುವ ದಾರಿ ತಿಳಿಯಲು ಹೋಗಬಹುದು. "ಸೈಬರ್ ಪೊಲೀಸ್ ಮಾತಾಡ್ತಿದೀವಿ, ಇಷ್ಟು ಕಳಿಸಿದರೆ ಖಾತೆ ಬಿಡಿಸ್ತೀವಿ" ಎಂದು ಕರೆ ಬಂದರೆ ಒಂದು ಪೈಸೆ ಕೊಡಬೇಡಿ. ಅದನ್ನು ಇದೇ ಸೆನ್ ಠಾಣೆಗೆ ತಿಳಿಸಿ.

ಕಾನೂನು ನಿಮ್ಮ ಕೈಬಿಟ್ಟಿಲ್ಲ. ಪೊಲೀಸರು ಖಾತೆ ನಿಲ್ಲಿಸುವುದು ಸಾಮಾನ್ಯವಾಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 106ನೇ ಕಲಮಿನ ಅಡಿ. 2024ರ ಜುಲೈ 1ಕ್ಕೆ ಮುಂಚೆ ಇದೇ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 102ರಲ್ಲಿತ್ತು. ಹಾಗೆ ಹಿಡಿದಿಟ್ಟಿದ್ದನ್ನು ಅವರು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ವರದಿ ಮಾಡಿದ್ದೀರಾ ಎಂದು ನಿಮ್ಮ ಪತ್ರದಲ್ಲಿ ಕೇಳಿ. ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಅದು ಕೇರಳದ ಆದೇಶವೇ ಆದರೂ ಅರ್ಜಿಯಲ್ಲಿ ಉಲ್ಲೇಖಿಸಿ, ತೂಕ ಬರುತ್ತದೆ. ಪತ್ರಕ್ಕೆ ಉತ್ತರವೇ ಬರದಿದ್ದರೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ 503ರ ಅಡಿ ಅರ್ಜಿ ಹಾಕಬಹುದು, ಹೈಕೋರ್ಟಿನಲ್ಲಿ ರಿಟ್ ಹಾಕುವ ದಾರಿಯೂ ಇದೆ.

ವಕೀಲರ ಫೀಸಿಗೆ ಹೆದರಿ ಎಷ್ಟೋ ಜನ ದುಡ್ಡನ್ನೇ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ.

ಇನ್ನೊಂದನ್ನು ನೇರವಾಗಿ ಹೇಳುತ್ತೇನೆ. ಕಮಿಷನ್ ಆಸೆಗೆ ನಿಮ್ಮ ಎಟಿಎಂ ಕಾರ್ಡ್, ಸಿಮ್, ಖಾತೆಯನ್ನು ಯಾರಿಗಾದರೂ ಬಳಸಲು ಕೊಟ್ಟಿದ್ದರೆ ನಿಮ್ಮ ಪ್ರಕರಣ ಬೇರೆ. ಯಾರಿಗೂ ಏನನ್ನೂ ಬರೆದುಕೊಡುವ ಮುಂಚೆ ವಕೀಲರನ್ನು ನೋಡಿ, ಅವರ ಹತ್ತಿರ ಪೂರ್ತಿ ನಿಜ ಹೇಳಿ.

ಕೋರ್ಟು, ತೆರಿಗೆ ಇಲಾಖೆ

ಸಾಲದ ದಾವೆ ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗಿ ಜಪ್ತಿ ಬಂದಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 60ನೇ ಕಲಮು ನೋಡಿ. ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಜಪ್ತಿ ಮಾಡುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 25,000 ಇದ್ದರೆ 17,000 ನಿಮ್ಮದು, 8,000ದ ತನಕ ಮಾತ್ರ ಹಿಡಿಯಬಹುದು. ಜೀವನಾಂಶದ ಡಿಕ್ರಿಯಾದರೆ ನಿಮಗೆ ಉಳಿಯುವುದು ಮೂರನೇ ಒಂದು ಭಾಗ. ಇಡೀ ಖಾತೆ ನಿಂತಿದ್ದರೆ ಆದೇಶ ಕೊಟ್ಟ ಕೋರ್ಟಿಗೇ ಅರ್ಜಿ ಹಾಕಬೇಕು, ಬ್ಯಾಂಕಿನ ಜೊತೆ ಜಗಳ ಆಡಿ ಪ್ರಯೋಜನವಿಲ್ಲ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಬಾಕಿಯಾದರೆ ನೋಟಿಸ್ ಪ್ರತಿ ಪಡೆದು ಆ ಅಧಿಕಾರಿಯನ್ನೇ ಕಾಣಿ. ನೌಕರಿ ಜೊತೆಗೆ ಹಿಂದೊಮ್ಮೆ ಅಂಗಡಿ ನಡೆಸಿ ಜಿಎಸ್‌ಟಿ ನೋಂದಣಿ ರದ್ದು ಮಾಡಿಸದೆ ಬಿಟ್ಟವರು ಇದನ್ನು ಪರೀಕ್ಷಿಸಿಕೊಳ್ಳಿ.

ಬ್ಯಾಂಕ್ ಉತ್ತರವನ್ನೇ ಕೊಡದಿದ್ದರೆ

ಬ್ರಾಂಚಿಗೆ ಕೊಟ್ಟ ಅರ್ಜಿಯ ಪ್ರತಿ ಸೇರಿಸಿ ಬ್ಯಾಂಕಿನ ನೋಡಲ್ ಅಧಿಕಾರಿಗೆ ದೂರು ಕಳಿಸಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್‌ನಲ್ಲಿ (ಆರ್‌ಬಿಐನ ದೂರು ವೆಬ್‌ಸೈಟ್) ದೂರು ಹಾಕಿ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಕೆವೈಸಿ, ನಿಷ್ಕ್ರಿಯ ಖಾತೆ, ತಪ್ಪು ಲೀನ್ ಇಂಥವಕ್ಕೆ ಇದು ಒಳ್ಳೆಯ ದಾರಿ. ಪೊಲೀಸ್ ಅಥವಾ ಕೋರ್ಟ್ ಆದೇಶದ ಮೇಲೆ ಬ್ಯಾಂಕ್ ನಿಲ್ಲಿಸಿದ್ದರೆ ಒಂಬುಡ್ಸ್‌ಮನ್ ಆ ದೂರನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿ 30 ದಿನ ಕಾದು ಕೂರುವುದು ವ್ಯರ್ಥ, ಮೊದಲ ದಿನದಿಂದಲೇ ಠಾಣೆ ಮತ್ತು ಕೋರ್ಟಿನ ದಾರಿ ಹಿಡಿಯಿರಿ.

ಖಾತೆ ಬಿಟ್ಟಿದ್ದಾರೆ ಎಂದು ಮೆಸೇಜ್ ಬಂದ ಮೇಲೆ 1 ರೂಪಾಯಿ ಹಾಕಿಸಿ, 1 ರೂಪಾಯಿ ಕಳಿಸಿ ನೋಡಿ. ಲೀನ್ ಶೂನ್ಯ ಆಗಿದೆಯಾ ಎಂದು ಆ್ಯಪ್‌ನಲ್ಲಿ ಖಚಿತ ಮಾಡಿಕೊಳ್ಳಿ. ಫ್ರೀಜ್ ತೆಗೆದ ಬಗ್ಗೆ ಬ್ಯಾಂಕಿನಿಂದ ಒಂದು ಪತ್ರ ಪಡೆದು ಪೇ ಸ್ಲಿಪ್‌ಗಳ ಜೊತೆ ಇಟ್ಟುಕೊಳ್ಳಿ. ಆಮೇಲೆ ಎಚ್‌ಆರ್‌ಗೆ ತಿಳಿಸಿ, ಸಂಬಳ ಹಳೆಯ ಖಾತೆಗೆ ಬರಬೇಕೋ ಹೊಸದಕ್ಕೋ ಎಂದು ನೀವೇ ಬರೆದುಕೊಡಿ.